ಅಜ್ಜಿಯ ಮಡಿಲಿನ ಹಂದಿಗಳು

ಈಗಿನ ಹುಡುಗರು ಹಂದಿ ಬೇಟೆಗೆ ಹೋಗುವ ಚೆಂದ ನೋಡಬೇಕು. ನಾಯಿಯ ಕೊರಳಿಗೆ ಒಂದು ಯಂತ್ರ, ತಮ್ಮ ಕೈಯಲ್ಲಿ ಇನ್ನೊಂದು ಯಂತ್ರ. ಜೀಪಿನೊಳಗೆ ಬೆಚ್ಚಗೆ ಕೂತು, ಚಹಾ ಹೀರುತ್ತ, ನಾಯಿ ಯಾವ ಗುಡ್ಡದ ಮೇಲಿದೆ ಎಂದು ಆ ಪುಟ್ಟ ಗಾಜಿನಲ್ಲಿ ನೋಡುತ್ತಾರೆ. ಹಂದಿ ಬಿದ್ದರೆ ಜೀಪಿನ ಹಿಂದಕ್ಕೆ ಎಸೆದು, ಅದರ ಕಿವಿ ಹಿಡಿದು ಫೋಟೋ ತೆಗೆಸಿಕೊಂಡು, ಹಲ್ಲು ಕಿರಿಯುತ್ತ ವಾಪಸಾಗುತ್ತಾರೆ. ಮಾಡಿಕೊಳ್ಳಲಿ, ಯಾರು ಬೇಡ ಎಂದರು? ಆದರೆ ಅದನ್ನು ಬೇಟೆ ಎಂದು ರಿಪೆಕಳ ಮುಂದೆ ಹೇಳುವ ಧೈರ್ಯ ಇವತ್ತಿಗೂ ಯಾರಿಗೂ ಇಲ್ಲ.

ರಿಪೆಕಳಿಗೆ ಈಗ ವಯಸ್ಸಾಗಿದೆ. ಮಂಡಿ ಹೇಳಿದ ಮಾತು ಕೇಳುವುದಿಲ್ಲ. ಜಗಲಿಯಲ್ಲಿ ಕೂತು, ಎದುರಿಗೆ ನಿಂತ ಊರೆವೆರ ಬೆಟ್ಟಗಳ ಮೇಲೆ ಒಂದು ಕಣ್ಣಿಟ್ಟು ಆಲೂಗಡ್ಡೆ ಸುಲಿಯುತ್ತಾಳೆ. ಮೊಮ್ಮಕ್ಕಳು ಜೀಪಿನಿಂದ ಹಂದಿ ಇಳಿಸಿದರೆ ತಲೆಯೆತ್ತಿ ನೋಡಿ, "ಏನ್ರೋ, ಸಾಹೇಬ್ರಿಗೆ ಕಾಲು ನೋವಾ? ಗಾಡೀಲಿ ಕರ್ಕೊಂಡು ಬಂದಿದೀರ" ಎನ್ನುತ್ತಾಳೆ.

ಅವಳ ಕಾಲದಲ್ಲಿ ಹಂದಿ ಮನುಷ್ಯರ ಬೆನ್ನೇರಿಯೇ ಮನೆಗೆ ಬರಬೇಕಿತ್ತು. ಕೊಂದ ಜಾಗದಲ್ಲೇ ಕರುಳು ತೆಗೆದು, ಹಿಂಗಾಲುಗಳ ನರದ ಹಿಂದೆ ಸೀಳು ಮಾಡಿ, ಮುಂಗಾಲುಗಳನ್ನು ಆ ಸೀಳಿನೊಳಗೆ ತೂರಿಸಿದರೆ ಹಂದಿಯೇ ಒಂದು ಚೀಲವಾಗುತ್ತಿತ್ತು. ಮಕ್ಕಳು ಶಾಲೆಯ ಚೀಲ ಹಾಕಿಕೊಂಡ ಹಾಗೆ ಅದನ್ನು ಎರಡೂ ಹೆಗಲಿಗೆ ಏರಿಸಿಕೊಂಡು ಕೆಸರು ತುಳಿದು, ಹೊಳೆ ದಾಟಿ ಬರಬೇಕು. ಮದುವೆಯ ದಿನ ಒಂದು ಬಿಟ್ಟರೆ ತನ್ನ ಹೆಂಡತಿಯ ಬೆನ್ನಿಗೆ ಹಂದಿ ವಾಸನೆ ಇಲ್ಲದ ದಿನವಿರಲಿಲ್ಲ ಎಂದು ಅವಳ ಗಂಡ ತಿಯಾಕಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. "ಅವತ್ತೂ ಇತ್ತು, ನಿಂಗೆ ನೆಗಡಿಯಾಗಿತ್ತು" ಎಂದು ರಿಪೆಕ ಅವನ ಬಾಯಿ ಮುಚ್ಚಿಸುತ್ತಿದ್ದಳು.

ಅವಳಿಗೆ ಈ ಹುಚ್ಚು ಹಿಡಿಸಿದವನು ಅಜ್ಜ ತಮಹೌ. ಮನೆಯಲ್ಲಿ ಎಲ್ಲರಿಗೂ ಅವನು ಕೊರೊ, ಅಂದರೆ ಅಜ್ಜ. ನಮ್ಮ ಮಾವೊರಿ ಮನೆಗಳಲ್ಲಿ ಒಂದು ಮಗುವನ್ನು ಅಜ್ಜ ಅಜ್ಜಿಯ ಕೈಗೆ ಕೊಟ್ಟು ಸಾಕಿಸುವುದು ಹೊಸದೇನಲ್ಲ. ಅಜ್ಜಿ ತೀರಿಕೊಂಡ ವರ್ಷ ಕೊರೊ ಸೊಸೆಯ ಮನೆಗೆ ಬಂದು, ಸಾಲಾಗಿ ನಿಂತ ಮಕ್ಕಳ ಮುಖವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದನಂತೆ. ಅವನ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. "ನಂಗೆ ಕಣ್ಣು ಬೇಕಾಗಿದೆ. ಇವಳದ್ದು ದೊಡ್ಡದಾಗಿದೆ, ಇವಳನ್ನ ಕೊಡು" ಎಂದ. ಹಾಗೆ ರಿಪೆಕ ಅಜ್ಜನ ಮನೆ ಸೇರಿದಳು.

ಕೊರೊ ಕುದುರೆಯ ಮೇಲೆ, ಅವಳು ಲಗಾಮು ಹಿಡಿದು ಮುಂದೆ, ನಾಯಿಗಳು ಅವಳಿಗಿಂತ ಮುಂದೆ. ನೆಲ ಕೆದರಿದ್ದು ನಿನ್ನೆಯದೋ ಇವತ್ತಿನದೋ ಎಂದು ಅವಳು ನೋಡಿ ಹೇಳಬೇಕು. ಅವಳು ತಪ್ಪು ಹೇಳಿದರೆ ಮುದುಕ ಮೂಗು ಅರಳಿಸಿ, "ನಿನ್ನ ಕಣ್ಣಿಗಿಂತ ನನ್ನ ಮೂಗೇ ವಾಸಿ ಕಣೆ, ವಾಪಸ್ ಕಳಿಸಿಬಿಡ್ತೀನಿ ನಿಮ್ಮಮ್ಮನ ಹತ್ರ" ಎಂದು ಹೆದರಿಸುತ್ತಿದ್ದ. ಅವನ ಬಾಯಿಗೆ ಬೀಗವೇ ಇರಲಿಲ್ಲ. ಕಾಡಿನಲ್ಲಿರುವ ಹಂದಿಗಳೆಲ್ಲ ಹಳೇ ಕಾಲದಲ್ಲಿ ಬಿಳಿಯರ ಹಡಗಿನಿಂದ ಇಳಿದು ತಪ್ಪಿಸಿಕೊಂಡ ಸಾಕು ಹಂದಿಗಳ ಸಂತಾನ ಎಂದು ಶಾಲೆಯಲ್ಲಿ ಹೇಳಿಕೊಟ್ಟಾಗ ರಿಪೆಕ ಬಂದು ಕೇಳಿದಳು, ನಿಜವಾ ಎಂದು. "ನಿಜ. ಬಿಳಿಯರು ನಮಗೆ ಕೊಟ್ಟು ವಾಪಸ್ ಕೇಳದೇ ಇರೋದು ಇದೊಂದನ್ನೇ. ಅದೂ ಅವರು ಕೊಡಲಿಲ್ಲ, ಅದೇ ಓಡಿ ಬಂತು. ಬುದ್ಧಿವಂತ ಪ್ರಾಣಿ" ಎಂದ ಕೊರೊ.

ಅವಳು ಚಾಕು ಹಾಕಿದ ಮೊದಲ ಹಂದಿ ಒಂದು ಎಳೆಯ ಹೆಣ್ಣು. ನಾಯಿಗಳು ಎರಡೂ ಕಿವಿ ಕಚ್ಚಿ ಹಿಡಿದಿದ್ದವು. ಹಿಂಗಾಲು ಎತ್ತಿ ಕೆಡವಿ, ಎದೆಗೂಡಿನ ಮುಂದೆ ಚಾಕು ಇಳಿಸಿದಳು. ಮನೆಗೆ ತಂದು, ಒಣ ಮಾನುಕಾ ಕಡ್ಡಿಗಳ ಬೆಂಕಿಯಲ್ಲಿ ಕೂದಲು ಸುಟ್ಟು, ಚಾಕುವಿನ ಬೆನ್ನಿನಿಂದ ಕೆರೆದು ಕೆರೆದು, ಚರ್ಮ ಬೆಲ್ಲದ ಬಣ್ಣಕ್ಕೆ ಬಂದ ಮೇಲೆ ತೊಳೆದಳು. ಇನ್ನೇನು ಬೇಯಿಸಬೇಕು, ಕೊರೊ ಇಡೀ ಹಂದಿಯನ್ನು ಎತ್ತಿಸಿ ಪಕ್ಕದ ಮನೆಯ ವಿಧವೆಗೆ ಕಳಿಸಿಬಿಟ್ಟ. ಮೊದಲನೇ ಹಂದಿ ಹೊಡೆದವರದ್ದಲ್ಲ, ಅದರ ಚೂರನ್ನೂ ಅವರು ಬಾಯಿಗಿಡಬಾರದು. ಆ ವಿಧವೆಯೋ, ಮಹಾ ಜಿಪುಣಿ. ಒಂದು ಒಳ್ಳೆಯ ಮಾತೂ ಆಡದೆ ಬಾಗಿಲು ಹಾಕಿಕೊಂಡಳು. ರಿಪೆಕ ಹಸಿದ ಹೊಟ್ಟೆಯಲ್ಲಿ ಜಗಲಿಯ ಮೇಲೆ ಕೂತು, ಆ ಮನೆಯಿಂದ ಬರುವ ಪರಿಮಳ ಮೂಸುತ್ತ ಅತ್ತಳು. "ಅಳು, ಅಳು. ನಾನೂ ಅತ್ತಿದ್ದೆ. ನಂದು ಇನ್ನೂ ದೊಡ್ಡ ಹಂದಿ" ಎಂದ ಮುದುಕ.

ಎರಡನೆಯದರಿಂದ ಮನೆಯಲ್ಲೇ ಬೆಂದಿತು. ಮೂಳೆ ಮಾಂಸ ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಕುದಿಯಬೇಕು, ಅದರ ಮೇಲೆ ಹೊಲದ ಬದುವಿನ ಪೂಹ ಸೊಪ್ಪನ್ನು ಉಜ್ಜಿ ಕಹಿ ತೆಗೆದು ಹಾಕಬೇಕು, ಕೊನೆಗೆ ಆಲೂಗಡ್ಡೆ, ಹಿಟ್ಟಿನ ಉಂಡೆ. ಉಂಡೆ ಹೊರಗೆ ಹಗುರ, ಒಳಗೆ ಹಂದಿಯ ನೆಣ ಕುಡಿದು ಮೆತ್ತಗೆ. ಉಳಿದದ್ದನ್ನು ಅದರದ್ದೇ ಕೊಬ್ಬಿನಲ್ಲಿ ಹುರಿದು, ಡಬ್ಬಿಗೆ ತುಂಬಿ, ಮೇಲೆ ಕೊಬ್ಬು ಸುರಿದು ಮುಚ್ಚಿಟ್ಟರೆ ಚಳಿಗಾಲವಿಡೀ ಕೆಡುತ್ತಿರಲಿಲ್ಲ. ಈಗ ಮನೆಮನೆಗೆ ಫ್ರಿಜ್ ಇದೆ, ಆ ಡಬ್ಬಿಯ ರುಚಿ ಮಾತ್ರ ಎಲ್ಲೂ ಇಲ್ಲ.

ಹುಡುಗಿ ಬೆಳೆದು ಹೆಂಗಸಾದರೂ ಬೇಟೆ ಬಿಡದೇ ಇದ್ದದ್ದು ಕಣಿವೆಯ ಗಂಡಸರಿಗೆ ಸಹಿಸಲಾಗಲಿಲ್ಲ. ಅವರಲ್ಲಿ ಹೊರೋಮೊನ ಮೊದಲಿಗ. ತಮಹೌನ ದೂರದ ದಾಯಾದಿಗಳ ಮಗ, ರಿಪೆಕಳ ಓರಗೆಯವನು, ಒಳ್ಳೆಯ ಬೇಟೆಗಾರನೇ. ಬೆನ್ನ ಮೇಲೆ ಹಂದಿ ಹೊತ್ತು ಬರುತ್ತಿದ್ದ ಅವಳನ್ನು ದಾರಿಯಲ್ಲಿ ತಡೆದು, "ಏನೇ ರಿಪೆಕ, ಹಂದಿ ನಿನ್ನ ನೋಡಿ ನಕ್ಕು ನಕ್ಕು ಸತ್ತೋಯ್ತಾ?" ಎಂದು ಕೇಳುತ್ತಿದ್ದ.

"ಇಲ್ಲ ಕಣೋ. ಹಿಂದೆ ಹೊರೋಮೊನ ಬರ್ತಿದಾನೆ ಅಂದೆ. ಅವನ ಕೈಲಿ ಸಾಯೋದಕ್ಕಿಂತ ಇದೇ ಮರ್ಯಾದೆ ಅಂತ ತಾನೇ ಚಾಕುಗೆ ಬಿತ್ತು."

ನಗು ಮುಗಿದ ಮೇಲೆ ಅವನದ್ದು ಒಂದೇ ಪ್ರಶ್ನೆ. ಕಣಿವೆಯಲ್ಲಿ ಹಿಮ ಕಟ್ಟಿ ಹಂದಿಗಳೆಲ್ಲ ಮಾಯವಾದಾಗಲೂ ನೀವಿಬ್ಬರು ಎಲ್ಲಿಂದ ತರುತ್ತೀರಿ? ಕೊರೊನನ್ನು ಕೇಳಿದರೆ ಅವನು ಬಲು ಗಂಭೀರವಾಗಿ, "ಮೇಲಿನ ಹೊಳೆ ದಾಟಿ ಬಲಕ್ಕೆ ಹೋಗು ಮಗಾ" ಎನ್ನುತ್ತಿದ್ದ. ಹೊರೋಮೊನ ಪಾಪ, ಪ್ರತಿ ಚಳಿಗಾಲ ಬಲಕ್ಕೆ ಹೋಗಿ ಹೋಗಿ ಬರಿಗೈಯಲ್ಲಿ ಬರುತ್ತಿದ್ದ.

ಆ ಜಾಗಕ್ಕೆ ಕೊರೊ ಅಜ್ಜಿಯ ಮಡಿಲು ಎನ್ನುತ್ತಿದ್ದ. ಮೂರು ಕಡೆ ಬೆಟ್ಟ, ಒಂದು ಕಡೆಯಿಂದ ಇಡೀ ದಿನ ಬಿಸಿಲು. ಸುತ್ತ ಹಿಮ ಬಿದ್ದರೂ ಅಲ್ಲಿ ನೆಲ ಮೆತ್ತಗೇ ಇರುತ್ತಿತ್ತು. ಹಂದಿಗಳು ಮರಿಗಳ ಸಮೇತ ಬಂದು ಜರೀಗಿಡದ ಬೇರು ಅಗೆದು ತಿಂದು ಕೊಬ್ಬುತ್ತಿದ್ದವು. ತಲೆಮಾರಿಗೆ ಒಬ್ಬರಿಗೆ ಮಾತ್ರ ಆ ದಾರಿ ತೋರಿಸುವುದು. ಕೊರೊನಿಗೆ ಅವನ ಅಪ್ಪ ತೋರಿಸಿದ್ದ. ಕೊರೊ ಗಂಡುಮಕ್ಕಳನ್ನೆಲ್ಲ ಬಿಟ್ಟು ರಿಪೆಕಳಿಗೆ ತೋರಿಸಿದ. ಮೊದಲ ಸಲ ಅಲ್ಲಿ ನಿಂತಾಗ ಅವಳ ಕೈ ಹಿಡಿದು ಹೇಳಿದ: "ಉಸಿರಾಡೋ ಒಬ್ಬರ ಕಿವಿಗೂ ಇದು ಬೀಳಬಾರದು. ನಿನ್ನ ಗಂಡನಿಗೂ."

"ಯಾವ ಗಂಡ? ನಂಗೆ ಮದುವೆಯೇ ಆಗಿಲ್ಲ."

"ಆಗುತ್ತೆ. ಯಾರೋ ಒಬ್ಬ ಮೂಗಿಲ್ಲದೋನು ಸಿಗ್ತಾನೆ."

ತಿಯಾಕಿ ಸಿಕ್ಕಿದ. ರಕ್ತ ಕಂಡರೆ ತಲೆ ತಿರುಗಿ ಬೀಳುವ ಗಂಡಸು. ಆದರೆ ಹಾಂಗಿ ಗುಂಡಿಯ ಮುಂದೆ ಅವನನ್ನು ಮೀರಿಸುವವರಿಲ್ಲ. ಹೊಳೆಯ ಕಲ್ಲುಗಳನ್ನು ಬೆಂಕಿಯಲ್ಲಿ ಬೆಳ್ಳಗೆ ಕಾಯಿಸಿ, ಗುಂಡಿಗೆ ಹಾಕಿ, ಮೇಲೆ ಮಾಂಸ, ಗೆಣಸು, ಕುಂಬಳದ ಬುಟ್ಟಿ ಇಳಿಸಿ, ಒದ್ದೆ ಗೋಣಿ ಹೊದಿಸಿ ಮಣ್ಣು ಮುಚ್ಚಿದನೆಂದರೆ, ಯಾವಾಗ ತೆಗೆಯಬೇಕು ಎಂದು ಗುಂಡಿಯ ಪಕ್ಕ ಮಲಗಿ ನಿದ್ದೆಯಲ್ಲೇ ಹೇಳುತ್ತಿದ್ದ. "ನಮ್ಮ ಮನೇಲಿ ಒಬ್ಬಳು ಸಾಯಿಸ್ತಾಳೆ, ಒಬ್ಬ ಹೂಳ್ತಾನೆ. ಪಾದ್ರಿಗೆ ಕೆಲಸ ಇಲ್ಲ" ಎಂದು ಕೊರೊ ಬಂದವರಿಗೆಲ್ಲ ಹೇಳುತ್ತಿದ್ದ.

ಈ ಮುದುಕನೇ ಒಮ್ಮೆ ಬೆಟ್ಟದಾಚೆಯ ಊರಿನವರ ಮರಾಯೆಯಲ್ಲಿ, ಅಂದರೆ ಅವರ ಸಭೆಯ ಅಂಗಳದಲ್ಲಿ ನಿಂತು, ನಾಲಿಗೆ ಉದ್ದ ಮಾಡಿಬಿಟ್ಟಿದ್ದ. ಅಲ್ಲಿಯ ಹಿರಿಯ ಪರಾವೊನೆಯ ಅಪ್ಪ ಸತ್ತಿದ್ದ. ಸಾವಿನ ಊಟಕ್ಕೆ ಅವರು ಕಾಡಿನ ಹಂದಿಯನ್ನೇ ರಾಶಿ ರಾಶಿ ಬಡಿಸಿದ್ದರು. ಕೊರೊ ತಿಂದು, ಎದ್ದು ನಿಂತು, ಎಲ್ಲರ ಮುಂದೆ ಹೇಳಿದ: "ಪರಾವೊನೆ, ನನ್ನ ಮಣ್ಣಿಗೆ ನೀನು ಬರ್ತೀಯಲ್ಲ, ಅವತ್ತು ನನ್ನ ಕಾಡಿನ ಹಂದಿ ತಿಂದು ಹೋಗು. ಕಟುಕನ ಅಂಗಡಿ ಕುರಿ ಬಡಿಸಿದ್ರೆ ನನ್ನ ಹೆಣಕ್ಕೆ ಉಗಿದು ಹೋಗು." ಅಂಗಳದಲ್ಲಿ ನಿಂತು ಆಡಿದ ಮಾತು ನಮ್ಮಲ್ಲಿ ತಮಾಷೆಯಲ್ಲ. ಆಡಿದವನು ಮರೆತರೂ ಕೇಳಿದವರು ಮರೆಯುವುದಿಲ್ಲ.

ಕೊರೊ ಸತ್ತದ್ದು ಚಳಿಗಾಲದ ನಟ್ಟನಡುವೆ. ಕಣಿವೆಯ ಹುಲ್ಲೆಲ್ಲ ಹಿಮ ಕಟ್ಟಿ ಕಾಲಿಟ್ಟರೆ ಕರಕರ ಎನ್ನುತ್ತಿತ್ತು. ಶವವನ್ನು ಮರಾಯೆಗೆ ತಂದು, ಸಭಾಮನೆಯ ಜಗಲಿಯಲ್ಲಿ ಪೆಟ್ಟಿಗೆಯ ಮುಚ್ಚಳ ತೆರೆದು ಇಟ್ಟರು. ಕೊರೊನ ಮಗಳು, ರಿಪೆಕಳ ಸೋದರತ್ತೆ ಹೂಹನ, ಅವನ ತಲೆಯ ಕಡೆ, ರಿಪೆಕ ಭುಜದ ಕಡೆ, ಇಬ್ಬರೂ ಕಪ್ಪು ಬಟ್ಟೆಯುಟ್ಟು, ತಲೆಗೆ ಹಸಿರೆಲೆಯ ಸಿಂಬಿ ಸುತ್ತಿ ಕೂತರು. ಮಣ್ಣಾಗುವವರೆಗೆ ಸತ್ತವನ ಹತ್ತಿರದವರು ಅಲ್ಲಿಂದ ಏಳುವಂತಿಲ್ಲ. ಅಡುಗೆ ಮನೆಯ ಕಡೆ ತಿರುಗಿ ನೋಡುವಂತಿಲ್ಲ. ಅವರ ಮೈಗೆ ಸಾವಿನ ಸೂತಕ ಅಂಟಿರುತ್ತದೆ. ಅವರು ಮುಟ್ಟಿದ ಆಹಾರವನ್ನು ಯಾರೂ ತಿನ್ನುವುದಿಲ್ಲ. ಅಡುಗೆ, ಕಟ್ಟಿಗೆ, ಮಾಂಸ ಎಲ್ಲ ಅಳಿಯಂದಿರ, ದೂರದ ನೆಂಟರ ಪಾಲು.

ಹೊರೋಮೊನ ನಾಲ್ಕೈದು ಜನರನ್ನು ಕಟ್ಟಿಕೊಂಡು ಹತ್ತಿರದ ಗುಡ್ಡಗಳನ್ನೆಲ್ಲ ಜಾಲಾಡಿದ. ಬರಿಗೈಯಲ್ಲಿ ಬಂದ. ಮಾರನೆಯ ಬೆಳಗ್ಗೆ ತಿಯಾಕಿ ಜಗಲಿಯ ಕೆಳಗೆ ಬಂದು, ಟೋಪಿ ತಿರುವುತ್ತ, ಹೆಂಡತಿಯ ಮುಖ ನೋಡದೆ ಹೂಹನಳಿಗೆ ಹೇಳಿದ: "ಅತ್ತೆ, ಹಂದಿ ಸಿಗಲಿಲ್ಲ. ಪರಾವೊನೆ ಕಡೆಯೋರು ನಾಳೆ ಬರ್ತಾರೆ. ಕುರಿ ಇದೆ. ಪೇಟೆಯಿಂದ ತರಿಸಿದ್ದು."

ಹೂಹನ ಕಣ್ಣು ಮುಚ್ಚಿಕೊಂಡಳು. "ಕುರಿ" ಎಂದು ಒಂದು ಸಲ ಅಂದಳು, ಅಷ್ಟೇ.

ರಿಪೆಕ ಏಳಲು ನೆಲಕ್ಕೆ ಕೈಯೂರಿದಳು. ಹೂಹನ ಕಣ್ಣು ಬಿಡದೆಯೇ ಅವಳ ಬಟ್ಟೆಯ ಅಂಚು ಹಿಡಿದಳು. "ಎಲ್ಲಿಗೆ?"

"ನಂಗೆ ಗೊತ್ತು ಎಲ್ಲಿವೆ ಅಂತ. ಸಂಜೆಯೊಳಗೆ ಬರ್ತೀನಿ."

"ಅವನೊಬ್ಬನ್ನೇ ಬಿಟ್ಟು ಹೋಗ್ತೀಯ? ಹೋಗಿ ತಂದ್ರೆ ನೀನು ಮುಟ್ಟಿದ ಹಂದಿ ಯಾರು ತಿಂತಾರೆ? ನಾಯಿಗೆ ಹಾಕೋಕೆ ತರ್ತೀಯ? ಕೂತ್ಕೋ."

ಅವಳು ಕೂತಳು. ಇಡೀ ಕಣಿವೆಯಲ್ಲಿ ದಾರಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬನು ಪೆಟ್ಟಿಗೆಯಲ್ಲಿ ಮಲಗಿದ್ದ, ಇನ್ನೊಬ್ಬಳು ಏಳುವಂತಿರಲಿಲ್ಲ. ತಿಯಾಕಿಯ ಕಿವಿಯಲ್ಲಿ ಹೇಳಿಬಿಡಲೇ ಎಂದುಕೊಂಡಳು. ಉಸಿರಾಡುವ ಒಬ್ಬರ ಕಿವಿಗೂ ಬೀಳಬಾರದು, ನಿನ್ನ ಗಂಡನಿಗೂ. ಮುದುಕ ಬಿಡಿಸಿಯೇ ಹೇಳಿದ್ದ. ಹೇಳದಿದ್ದರೆ ನಾಳೆ ಪರಾವೊನೆ ಕುರಿಯ ಮೂಳೆ ಕಚ್ಚಿ, ಏನೂ ಅನ್ನದೆ ತಟ್ಟೆ ಪಕ್ಕಕ್ಕೆ ಸರಿಸುತ್ತಾನೆ. ಅವನು ಉಗಿಯುವುದೂ ಬೇಡ, ಸರಿಸಿದರೆ ಸಾಕು. ಕೊರೊನ ಮಾತು ಸುಳ್ಳಾಗುತ್ತದೆ, ಅದೂ ಅವನು ಎದ್ದು ಉತ್ತರ ಕೊಡಲಾಗದ ಹೊತ್ತಿನಲ್ಲಿ.

ಪೆಟ್ಟಿಗೆಯ ಆಚೆ ಕೂತಿದ್ದ ಮುದುಕಿಯೊಬ್ಬಳು ಆಗ ಸತ್ತವನೊಡನೆ ಮಾತಿಗಿಳಿದಳು. ಅದು ನಮ್ಮಲ್ಲಿ ದಿನವಿಡೀ ನಡೆಯುವುದೇ. ಬಂದವರು ಸತ್ತವನಿಗೇ ನೇರವಾಗಿ ಮಾತಾಡುತ್ತಾರೆ, ಅಳುತ್ತಾರೆ, ಬೈಯುತ್ತಾರೆ, ಹಳೇ ಜಗಳ ತೆಗೆಯುತ್ತಾರೆ. ಮುದುಕಿಯೂ ಅವನು ಪ್ರಾಯದಲ್ಲಿ ತನ್ನನ್ನು ಕುಣಿತಕ್ಕೆ ಕರೆದು ಬೇರೆಯವಳ ಜೊತೆ ಕುಣಿದದ್ದನ್ನು ಎತ್ತಿ ಆಡಿ, ಕಣ್ಣೊರೆಸಿಕೊಂಡು ಮುಗಿಸಿದಳು. ಇನ್ನು ರಿಪೆಕಳ ಸರದಿ. ಅವಳು ಇನ್ನೂ ಕೊರೊನೊಡನೆ ಮಾತಾಡಿರಲಿಲ್ಲ. ಎಲ್ಲರೂ ಅವಳ ಅಳುವಿಗೆ ಕಾದರು.

ರಿಪೆಕ ಅಳಲಿಲ್ಲ. ಉಸಿರಾಡದ ಕೊರೊನ ತಣ್ಣನೆಯ ಕೈ ಮೇಲೆ ತನ್ನ ಕೈಯಿಟ್ಟು, ದೂರ ಕೂತವರಿಗೂ ಕೇಳುವ ಹಾಗೆ ಗಂಟಲು ಎತ್ತರಿಸಿದಳು.

"ಏಳು ಕೊರೊ. ನೆಂಟರು ಬರೋ ಹೊತ್ತಾಯ್ತು, ಮನೇಲಿ ಮಾಂಸ ಇಲ್ಲ, ನೀನು ಮೈಗಳ್ಳನ ಹಾಗೆ ಮಲಗಿದೀಯ. ಕುದುರೆ ಹತ್ತು. ನಾನು ಲಗಾಮು ಹಿಡೀತೀನಿ. ಮೇಲಿನ ಹೊಳೆ ದಾಟಿದ್ವಿ ನೋಡು. ಇಲ್ಲಿಂದ ನೀನು ಎಲ್ಲರಿಗೂ ಬಲಕ್ಕೆ ಅಂತ ಹೇಳ್ತಿದ್ದೆ. ಎಂಥಾ ಸುಳ್ಳುಗಾರ ನೀನು. ನನ್ನ ಮಾತ್ರ ಎಡಕ್ಕೆ ತಿರುಗಿಸ್ತಿದ್ದೆ."

ಅಂಗಳದ ಮೂಲೆಯಲ್ಲಿ ಹೊರೋಮೊನ ಕಟ್ಟಿಗೆ ಸೀಳುತ್ತಿದ್ದ. ಕೊಡಲಿಯ ಸದ್ದು ನಿಂತುಹೋಯಿತು.

"ಎಡಕ್ಕೆ ಹೋಗಿ, ಬಿದ್ದ ಮರ ದಾಟಿ, ಎರಡು ತೊರೆ ಸೇರೋ ಕಡೆ ಬಂದ್ವಿ. ಕುದುರೆಗೆ ನೀರು ಕುಡಿಸಿದ್ವಿ. ಇಲ್ಲಿಂದ..."

ಇಲ್ಲಿಂದ ಅವಳ ನಾಲಿಗೆ ಮುಂದೆ ಹೋಗಲಿಲ್ಲ. ಕೊರೊ ಅವಳಿಗೆಂದು ಬಿಟ್ಟುಹೋದದ್ದು ಬೇರೇನಿತ್ತು? ಮನೆ ಗಂಡುಮಕ್ಕಳ ಪಾಲಾಗಿತ್ತು, ಹೊಲ ಹಂಚಿಹೋಗಿತ್ತು. ಈ ದಾರಿಯೊಂದು ಅವಳದ್ದು. ಇದನ್ನು ಕೇಳಿಸಿಕೊಳ್ಳುತ್ತಿರುವವನು ಹೊರೋಮೊನ, ಜೀವನವಿಡೀ ಅವಳನ್ನು ಆಡಿಕೊಂಡವನು. ಇಲ್ಲಿಗೇ ನಿಲ್ಲಿಸಿದರೆ ಅವನು ತೊರೆಯ ದಡದಲ್ಲಿ ಸುತ್ತಿ ಸುತ್ತಿ ಸಾಯುತ್ತಾನೆ, ಅಜ್ಜಿಯ ಮಡಿಲು ಅವಳದ್ದಾಗಿಯೇ ಉಳಿಯುತ್ತದೆ. ಅವಳು ಒಮ್ಮೆ ಕತ್ತೆತ್ತಿದಳು. ಹೊರೋಮೊನ ಟೋಪಿ ತೆಗೆದು ಎದೆಗೆ ಹಿಡಿದು, ನೆಲ ನೋಡುತ್ತ ನಿಂತಿದ್ದ. ಸತ್ತವನೊಡನೆ ಆಡುವ ಮಾತಿನ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಅವನು ಪ್ರಶ್ನೆ ಕೇಳುವ ಹಾಗೂ ಇರಲಿಲ್ಲ, ಹೋಗುವ ಹಾಗೂ ಇರಲಿಲ್ಲ. ಪಕ್ಕದಲ್ಲಿ ಹೂಹನ ಅಪ್ಪನ ಹೊದಿಕೆಯ ಅಂಚನ್ನು ಸರಿಪಡಿಸಿದಳು, ಸರಿಯಾಗಿಯೇ ಇದ್ದ ಅಂಚನ್ನು.

"ಇಲ್ಲಿಂದ ನೀರೊಳಗೇ ನಡೀತಿದ್ವಿ ಕೊರೊ, ದಡದಲ್ಲಿ ಅಲ್ಲ" ಎಂದಳು ರಿಪೆಕ. "ನೀನು ಬೆಚ್ಚಗೆ ಕುದುರೆ ಮೇಲೆ, ನಾನು ಸೊಂಟದವರೆಗೆ ನೀರಲ್ಲಿ. ಗೋಡೆ ಹಾಗೆ ಬಂಡೆ ಅಡ್ಡ ಬಂದು ದಾರಿ ಮುಗೀತು ಅಂದೆ ನಾನು. ಮುಗಿದಿಲ್ಲ ಅಂದೆ ನೀನು. ಬಂಡೆ ಪಕ್ಕದ ಜರೀಗಿಡ ಸರಿಸಿದ್ರೆ ಹಂದಿ ತುಳಿದ ದಾರಿ. ಕುದುರೆ ಅಲ್ಲೇ ಕಟ್ಟಿದ್ವಿ. ಮಧ್ಯಾಹ್ನ ಗಾಳಿ ಕೆಳಗಿಂದ ಮೇಲಕ್ಕೆ ಹೊಡೆಯುತ್ತೆ, ಅದಕ್ಕೇ ದಿಬ್ಬ ಸುತ್ತಿ ಮೇಲಿಂದ ಇಳಿದ್ವಿ. ನಿನ್ನ ಕೈ ನನ್ನ ಹೆಗಲ ಮೇಲಿತ್ತು. ನಾನು ನಮ್ಮ ನಾಯಿ ಪಾಂಗೊನ ಬಿಟ್ಟೆ. ಪಾಂಗೊ ಇಲ್ದೇ ಬೇರೆ ನಾಯಿ ಅಲ್ಲಿ ಆಗಲ್ಲ, ಹೆದರಿಸಿ ಓಡಿಸ್ತವೆ. ಅಲ್ಲಿದಾವೆ ನೋಡು ಕೊರೊ. ಎಷ್ಟಿವೆ. ಏಳು, ಏಳೋ ಮುದುಕ."

ಮಾತು ಮುಗಿಯಿತು. ಅಂಗಳದಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟಿದ್ದ ಪಾಂಗೊನ ಸರಪಳಿ ಬಿಚ್ಚಿದ ಸದ್ದು ಕೇಳಿಸಿತು. ಅದು ತಿಯಾಕಿಯ ಕೆಲಸ. ಆಮೇಲೆ ಕುದುರೆಗಳ ಸದ್ದು ಹೊಳೆಯ ಕಡೆ ಹೋಯಿತು.

ಸಂಜೆ ಬೆಳಕಿರುವಾಗಲೇ ಅವರು ವಾಪಸಾದರು. ಒಬ್ಬೊಬ್ಬರ ಬೆನ್ನ ಮೇಲೂ ಹಂದಿ, ಕುದುರೆಗಳ ಮೇಲೂ ಹಂದಿ. ಯಾರೂ ಕೇಕೆ ಹಾಕಲಿಲ್ಲ. ಅಡುಗೆ ಮನೆಯ ಹಿಂದೆ ಮಾನುಕಾ ಬೆಂಕಿ ಎದ್ದು, ಕೂದಲು ಸುಡುವ ವಾಸನೆ ಜಗಲಿಯವರೆಗೆ ಬಂದಾಗ ಹೂಹನ ಮೆಲ್ಲಗೆ, "ಅಪ್ಪಾ, ಮೂಸು" ಎಂದಳು. ರಿಪೆಕ ಎದ್ದು ಓಡಿ ಆ ಚಾಕು ಕಸಿದುಕೊಂಡು ತಾನೇ ಕೆರೆಯಬೇಕು ಎಂದು ಕೈ ತುರಿಸಿದರೂ ಮಡಿಲಲ್ಲಿ ಕೈಕಟ್ಟಿ ಕೂತಳು. ಅವರು ಸರಿಯಾಗಿ ಕೆರೆಯುತ್ತಾರೋ ಇಲ್ಲವೋ, ಗಂಡು ಹಂದಿಯ ಬೀಜ ಮೊದಲೇ ತೆಗೆದಿದ್ದಾರೋ ಇಲ್ಲವೋ, ಇಲ್ಲದಿದ್ದರೆ ಮಾಂಸ ನಾರುತ್ತದೆ, ಇದೇ ಚಿಂತೆ ಅವಳಿಗೆ. ಸತ್ತವನ ಪಕ್ಕ ಕೂತು ಅವಳು ಅಡುಗೆಯನ್ನೇ ನೆನೆಯುತ್ತಿದ್ದಳು.

ಮರುದಿನ ಪರಾವೊನೆ ತನ್ನವರೊಂದಿಗೆ ಬಂದ. ಹಣ್ಣು ಮುದುಕ, ಎರಡು ಕೋಲು ಊರಿಕೊಂಡು ಅಂಗಳ ದಾಟಿದ. ಮಣ್ಣಾಯಿತು. ಎಲ್ಲರೂ ಕೈ ತೊಳೆದು ಊಟದ ಮನೆಗೆ ಹೋದರು. ತಿಯಾಕಿ ಗುಂಡಿ ತೆಗೆದಿದ್ದ. ಪರಾವೊನೆಯ ಮುಂದೆ ಹಂದಿಯ ಪಕ್ಕೆ, ಗೆಣಸು, ಪೂಹ ಸೊಪ್ಪು ಬಡಿಸಿದರು. ಅವನು ಒಂದು ಮೂಳೆ ಎತ್ತಿ, ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಚೀಪಿದ. ಕೊನೆಗೆ ಅವನು ಕೋಲು ಊರಿ ಎದ್ದು, ಬಾಗಿಲಾಚೆಯ ಹೊಸ ಮಣ್ಣಿನ ಕಡೆ ತಿರುಗಿ ಹೇಳಿದ: "ತಮಹೌ, ಬಾಯಿಬಡುಕ. ನಿನ್ನ ಮಾತು ನನ್ನ ಹೊಟ್ಟೇಲಿದೆ. ಇನ್ನು ನೆಮ್ಮದಿಯಾಗಿ ಹೋಗು."

ಊಟದ ಮನೆಯೆಲ್ಲ ನಕ್ಕಿತು, ಅತ್ತಿತು. ಯಾರೋ ಪರಾವೊನೆಯ ಕಡೆಯವನು, ಇಂಥ ಚಳಿಯಲ್ಲಿ ಇಷ್ಟು ಹಂದಿ ಎಲ್ಲಿ ಸಿಕ್ಕಿತು ಎಂದು ಹೊರೋಮೊನನನ್ನು ಕೇಳಿದ. "ನಾಯಿ ಕರ್ಕೊಂಡು ಹೋಯ್ತು" ಎಂದ ಹೊರೋಮೊನ, ತಟ್ಟೆಯಿಂದ ತಲೆಯೆತ್ತದೆ. ರಿಪೆಕ ತಿಂದಳು. ಮಾಂಸ ನಾರುತ್ತಿರಲಿಲ್ಲ.

ಆಮೇಲೆ ಜನರೆಲ್ಲ ಹೋದರು. ಆಕ್ಲೆಂಡಿನಿಂದ ಬಂದ ನೆಂಟರೂ ಬಸ್ಸು ಹತ್ತಿದರು. ಮನೆಯಲ್ಲಿ ಕೊರೊನ ಕೋಟು ಮೊಳೆಯಲ್ಲಿತ್ತು. ಅದನ್ನು ನೋಡಿದರೂ ರಿಪೆಕಳಿಗೆ ಅಳು ಬರುತ್ತಿರಲಿಲ್ಲ. ವಸಂತ ಬಂತು, ಬೇಸಿಗೆ ಹೋಯಿತು. ಅವಳು ಕಾಡಿಗೆ ಹೋಗಲಿಲ್ಲ. ಹಂದಿ ಬೇಕೆಂದು ಮನೆಗೆ ಬಂದವರಿಗೆ ಮೈ ಸರಿಯಿಲ್ಲ ಎಂದಳು. "ನಾಯಿಗಳು ದಿನಾ ನನ್ನ ಮುಖ ನೋಡಿ ನೋಡಿ ಬೇಸತ್ತಿವೆ ಕಣೆ. ನಾಳೆ ನನ್ನನ್ನೇ ಹಿಡಿದು ಕಿವಿ ಕಚ್ತವೆ" ಎಂದು ತಿಯಾಕಿ ನಗಿಸಲು ನೋಡಿದ. ಹೊರೋಮೊನ ಅವಳನ್ನು ಕಂಡರೆ ದಾರಿ ಬದಲಿಸಿ ಹೋಗುತ್ತಿದ್ದ. ಹೋಗಲಿ, ಒಳ್ಳೆಯದೇ ಆಯಿತು ಎಂದುಕೊಂಡಳು.

ಮತ್ತೆ ಹುಲ್ಲಿನ ಮೇಲೆ ಹಿಮ ಕಟ್ಟಿದ ಒಂದು ಬೆಳಗ್ಗೆ, ಏನೂ ಹೇಳದೆ ಪಾಂಗೊನನ್ನು ಬಿಚ್ಚಿಕೊಂಡು ಹೊರಟಳು. ಹೊಳೆ ದಾಟಿ ಎಡಕ್ಕೆ, ಎರಡು ತೊರೆ ಸೇರುವ ಕಡೆ, ಆಮೇಲೆ ನೀರೊಳಗೆ. ಬಂಡೆಯ ಪಕ್ಕ ಒಂದು ಕುದುರೆ ಕಟ್ಟಿತ್ತು. ಹೊರೋಮೊನನ ಕುದುರೆ. ರಿಪೆಕಳಿಗೆ ಮೈಯೆಲ್ಲ ಉರಿಯಿತು. ಗೊತ್ತಿತ್ತು, ಹೀಗೇ ಆಗುತ್ತದೆ ಎಂದು ಗೊತ್ತಿದ್ದೇ ಹೇಳಿದ್ದಳು, ಆದರೂ ಉರಿಯಿತು.

ಅಜ್ಜಿಯ ಮಡಿಲಿನಲ್ಲಿ ಬಿಸಿಲಿತ್ತು. ಹೊರೋಮೊನ ಒಂದು ಹೆಣ್ಣು ಹಂದಿಯ ಕರುಳು ತೆಗೆದು, ಕೈ ಒರೆಸಿಕೊಳ್ಳುತ್ತಿದ್ದ. ಅವಳನ್ನು ಕಂಡು ಹಾಗೇ ಕೂತುಬಿಟ್ಟ.

"ನಿನ್ನ ಮನೆಗೇ ತರೋಣ ಅಂತಿದ್ದೆ" ಎಂದ.

"ಸುಳ್ಳು."

"ಹೂಂ, ಸುಳ್ಳೇ." ಅವನು ಹುಲ್ಲಿಗೆ ಚಾಕು ಒರೆಸಿದ. "ಬರಬಾರದು ಅಂತ ಎಷ್ಟೋ ಸಲ ಅರ್ಧ ದಾರೀಲಿ ವಾಪಸ್ ಹೋಗಿದೀನಿ. ಇವತ್ತು ಆಗಲಿಲ್ಲ. ಬೈಯೋದಿದ್ರೆ ಬೈದುಬಿಡು."

ಅವಳು ಬೈಯಲು ಬಾಯಿ ತೆರೆದಳು. ಕೊರೊ ಹೆಗಲ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ ಜಾಗದಲ್ಲಿ ಅವಳು ನಿಂತಿದ್ದಳು, ಹೆಗಲು ಖಾಲಿಯಾಗಿತ್ತು.

"ಅವತ್ತು ಎಲ್ಲರೂ ಅವನಿಗೆ ಹೇಳೋದು ಹೇಳಿ ಅತ್ತು ಮುಗಿಸಿದ್ರು" ಎಂದ ಹೊರೋಮೊನ ಮೆಲ್ಲಗೆ. "ನೀನು ಮಾತ್ರ ನಿನ್ನ ಸರದೀಲಿ ನಂಗೆ ದಾರಿ ಹೇಳ್ತಾ ಕೂತೆ. ಅದು ನನ್ನ ಗಂಟಲಲ್ಲಿ ಮೂಳೆ ಹಾಗೆ ಸಿಕ್ಕೊಂಡಿದೆ ರಿಪೆಕ. ಆ ಹಂದಿ ತಿಂದಾಗಿಂದ."

"ನಿಂಗಲ್ಲ ನಾನು ಹೇಳಿದ್ದು" ಎಂದಳು ರಿಪೆಕ. "ಕೊರೊಗೆ ಹೇಳಿದ್ದು. ಕೊರೊಗೆ..."

ಹಂದಿಗಳು ಅಗೆದ ಮಣ್ಣಿನ ಮೇಲೆ ಅವಳು ಕೂತು, "ಕೊರೊ" ಎಂದು ಕರೆದಳು. ಒಂದು ವರ್ಷದಿಂದ ತಡೆದು ನಿಂತಿದ್ದ ಅಳು ಒಮ್ಮೆಲೇ ಒಡೆದು ಬಂತು. ಪಾಂಗೊ ಬಂದು ಅವಳ ಕೈ ಮೂಸಿತು.

ಹೊರೋಮೊನ ಎದ್ದ. ತನ್ನ ನಾಯಿಗಳಿಗೆ ಸಿಳ್ಳೆ ಹಾಕಿ, ಟೋಪಿ ಕಿವಿಯವರೆಗೆ ಎಳೆದುಕೊಂಡ.

"ಹೇಳು" ಎಂದ. "ಎಲ್ಲಾ ಹೇಳು ಅವನಿಗೆ. ಈ ಸಲ ನಾನು ಕೇಳಿಸ್ಕೊಳ್ಳಲ್ಲ."

ಅವನು ದಿಬ್ಬ ದಾಟಿ ಹೋದ. ಬಿಸಿಲು ಬೆಟ್ಟದ ಹಿಂದೆ ಸರಿಯುವವರೆಗೂ ಈ ಕಡೆ ಬರಲಿಲ್ಲ.